ದಿನಬಳಕೆಯ ಕುದುರೆ

ಗಾಜಿನ ಪೆಟ್ಟಿಗೆಯ ಎರಡನೇ ಸಾಲಿನಲ್ಲಿ
ನನ್ನ ಕುದುರೆಗಳಿವೆ. ಎಲ್ಲವೂ ಬೆಳ್ಳಿ, ಎಲ್ಲವೂ ಉಂಗುರ.
ಒಂದು ಕೆನೆಯುತ್ತದೆ, ಒಂದು ಮುಂಗಾಲೆತ್ತಿದೆ,
ಒಂದರ ಜೂಲು ಗಾಳಿಗೆ ಹರಡಿ
ಪಕ್ಕದ ಬೆರಳನ್ನೂ ಗೀರುತ್ತದೆ.
ಬೈಕಿನ ಹುಡುಗರು ಕೊಳ್ಳುತ್ತಾರೆ,
ವಾರ ಬಿಟ್ಟು ಬರುತ್ತಾರೆ:
ಕಾಕಾ, ಕಿವಿ ಮುರೀತು.

ಚೌಕಿಪೇಟೆಯ ಈ ಅಂಗಡಿಗೆ
ಮಧ್ಯಾಹ್ನ ಮೂರರ ಮೇಲೆ ಬಂದಳು ಜುಲೇಖಾಬಿ,
ಮಂಡಕ್ಕಿ ಭಟ್ಟಿಯ ಪಾಳಿ ಮುಗಿಸಿ. ಹುಬ್ಬಿನ ಮೇಲೆ ಹೊಟ್ಟು.
ಸೆರಗಿನ ಗಂಟು ಬಿಚ್ಚಿ ಇಟ್ಟಳು
ತಾಯಿಯ ಕಾಲ್ಗೆಜ್ಜೆ, ಒಂದೇ ಒಂದು.
ಇನ್ನೊಂದು?
ಅದು ಅವತ್ತೇ ಹುಲ್ಲು ಹುರುಳಿ ಆಯ್ತು, ಅಂದಳು.
ಇದರಾಗೆ ಕುದುರೆ ಮಾಡಿಕೊಡ್ರಿ.
ದಿನಾ ಹಾಕ್ಕೊಳ್ಳೋವಂಥದ್ದು.

ಮುಂಗಾಲೆತ್ತಿದ್ದನ್ನು ತೋರಿಸಿದೆ. ನಕ್ಕಳು.
ನಮ್ಮ ಸರ್ಕಾರ ಹಿಂಗೆ ಕಾಲೆತ್ತಿದ್ರೆ
ಸವಾರಿ ಚರಂಡಿಗೆ ಬಿದ್ದಂಗೇ.

ಸರ್ಕಾರ ಎಂದರೆ ಅವರಪ್ಪನ ಜಟಕಾ ಕುದುರೆ.
ರೈಲು ನಿಲ್ದಾಣದಿಂದ ಹೊಂಡದ ಸರ್ಕಲ್ಲಿಗೆ
ನಾಲ್ಕಾಣೆ ಕಾಲದಿಂದ ಎರಡು ರೂಪಾಯಿ ಕಾಲದವರೆಗೆ.
ಆಮೇಲೆ ಆಟೋಗಳು ಬಂದವು.
ಅಶೋಕ ರಸ್ತೆಯ ಗೇಟು ಬಿದ್ದರೆ
ಊರೆಲ್ಲ ಹಾರನ್ನು ಒತ್ತುವುದು, ಬೈಯುವುದು;
ಸರ್ಕಾರ ಮಾತ್ರ ಒಂದು ಹಿಂಗಾಲು ಸಡಿಲ ಬಿಟ್ಟು
ಗೊರಸಿನ ತುದಿಯಷ್ಟೇ ನೆಲಕ್ಕೆ ತಾಗಿಸಿ
ನಿಂತಲ್ಲೇ ನಿದ್ದೆ.
ಗೂಡ್ಸು ಗಾಡಿಯ ಡಬ್ಬಿ ಎಣಿಸುತ್ತ
ಅವಳು ಮಗ್ಗಿ ಕಲಿತದ್ದು ಆ ನಿದ್ದೆಯ ಹಿಂದೆ ಕೂತು.

ಹಾಗಾದರೆ ನಿದ್ದೆಗಣ್ಣಿನ ಮುಖ ಮಾಡಲೇ?
ಮುಖ ಬ್ಯಾಡ. ಭಟ್ಟಿಯಾಗೆ ಕಣ್ಣಿಗೆ ಮರಳು ಹೊಕ್ಕತೈತಿ.
ಜೂಲು?
ಸೀರೆ ದಾರ ಹಿಡೀತೈತಿ.
ಬರೀ ಲಾಳ?
ಅದು ಲಾರಿ ಮುಂದೆ ಇರತೈತಲ್ಲ.

ಸುಮ್ಮನಾದೆ. ನಲವತ್ತು ವರ್ಷ ಕುದುರೆ ಮಾಡಿದವನು
ಕುದುರೆಯಲ್ಲಿ ದಿನಬಳಕೆಯದು ಯಾವುದೆಂದು
ಒಮ್ಮೆಯೂ ಯೋಚಿಸಿರಲಿಲ್ಲ.

ಆಗ ತೋರುಬೆರಳು ಚಾಚಿದಳು.
ಬುಡದಲ್ಲಿ ಹಳೆಯ ಗಾಯದ ಬಳೆ.
ನಾಲಬಂದ್ ಹುಸೇನಪ್ಪ
ಬಾಗಿದ ಮೊಳೆ ಎಸೀತಿರಲಿಲ್ಲ,
ನನ್ನ ಬೆರಳಿಗೆ ಸುತ್ತುತಿದ್ದ.
ಬೆರಳು ಬೆಳೀತು, ಮೊಳೆ ಬೆಳೀಲಿಲ್ಲ.
ದವಾಖಾನೆಯಾಗೆ ಕತ್ತರಿಸಿದ್ರು.

ಗೆಜ್ಜೆ ಮೂಸೆಗಿಳಿಯುವ ಮೊದಲು
ಗುಬ್ಬಿಗಳೊಳಗಿನ ಕಾಳು ಬಿಡಿಸಿದೆ. ಹದಿಮೂರು.
ಸದ್ದನ್ನು ಕರಗಿಸಬಾರದು,
ಕಾಗದದಲ್ಲಿ ಕಟ್ಟಿ ಕೈಗಿತ್ತೆ.
ಬಿಳಿಗಾರ ಚಿಮುಕಿಸಿ ಊದಿದೆ, ಬಡಿದೆ, ಎಳೆದೆ.
ತಲೆ ಚೌಕ, ಕತ್ತು ಸಪೂರ, ತುದಿಗೆ ಹೋಗುತ್ತ ಚಪ್ಪಟೆ.
ಮೊಳೆಗೂ ಕುದುರೆಯ ಮುಸುಡಿಯ ಉದ್ದವಿದೆ
ಎಂಬುದು ಅರ ಹಾಕುವಾಗ ಗೊತ್ತಾಯಿತು.
ಬಾಗಿಸಿ, ತುದಿಯನ್ನು ತಲೆಯ ಪಕ್ಕ ತಂದು
ಬೆಸೆಯದೆ ಬಿಟ್ಟೆ,
ಈ ಸಲ ಬೆರಳು ಊದಿದರೆ
ಅವಳೇ ಅಗಲಿಸಿಕೊಳ್ಳಲಿ.

ಮೊಹರಂ ಕಳೆದು ಬಂದಳು.
ಭಟ್ಟಿಯ ಮರಳು ತಿಕ್ಕಿ ತಿಕ್ಕಿ
ನನ್ನ ಅಂಟುವಾಳಕ್ಕೆ ಬಾರದ ಹೊಳಪು.
ನಾನು ಬಿಟ್ಟಿದ್ದ ಅರದ ಒಂದು ತಪ್ಪು ಗೆರೆ
ಎಲ್ಲೂ ಇರಲಿಲ್ಲ.
ಸುಡಲ್ಲವಾ? ಕೇಳಿದೆ. ಬೆಳ್ಳಿ ಬಲು ಬೇಗ ಕಾಯುವ ಜಾತಿ.
ಸುಡತೈತಿ. ಮರಳು ಹದಕ್ಕ ಬಂತು ಅಂತ
ಈಗ ಅದೇ ಹೇಳತೈತಿ, ಅಂದಳು.

ಜೊತೆಗೆ ತಂಗಿಯ ಮಗ, ಹತ್ತು ವರ್ಷ,
ಗಾಜಿಗೆ ಮೂಗೊತ್ತಿ ನಿಂತಿದ್ದ.
ಅವನಿಗೆ ಮುಂಗಾಲೆತ್ತಿದ್ದೇ ಬೇಕಂತೆ.
ಕಿವಿ ಮುರಿಯುತ್ತೆ ಕಣೋ, ಅಂದೆ.
ಮುರೀಲಿ, ಅಂದ.
ಇಬ್ಬರೂ ನನ್ನನ್ನೇ ನೋಡಿದರು.
ಕನ್ನಡಕ ಒರೆಸಿಕೊಂಡು
ಸಣ್ಣ ಬೆರಳಿನ ಅಳತೆಗೊಂಚಲು ಹುಡುಕತೊಡಗಿದೆ.